ಅಡುಗೆ ಭಟ್ಟರ ಅಳತೆಯ ಚಪ್ಪಲಿ

ಮದುವೆ ಅಡುಗೆ ಮಾಡುವವನ ಬದುಕಿನಲ್ಲಿ ನಗುವ ಸಂಗತಿಗಳಿಗೆ ಬರ ಇಲ್ಲ. ಒಂದು ಕಡೆ ಸಾರಿಗೆ ಉಪ್ಪು ಎರಡು ಸಲ ಬೀಳ್ತದೆ, ಇನ್ನೊಂದು ಕಡೆ ಬೀಳುವುದೇ ಇಲ್ಲ, ಎರಡಕ್ಕೂ ಜನ ನಗ್ತಾರೆ. ಆದರೆ ಕಳೆದ ವರ್ಷದಿಂದ ಈ ಸಂಗತಿಗಳೆಲ್ಲ ಒಲೆಯ ಮೇಲಿನಿಂದ ಇಳಿದು ನನ್ನ ಎರಡು ಹಿಮ್ಮಡಿಗೆ ಬಂದು ಕೂತಿವೆ.

ನನ್ನ ಮನೆ ಸಿದ್ಧಕಟ್ಟೆಯ ಹತ್ತಿರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಯ ಮದುವೆ, ಉಪನಯನಗಳಲ್ಲಿ ಇಪ್ಪತ್ತೆಂಟು ವರ್ಷದಿಂದ ಸಟ್ಟುಗ ಹಿಡಿದವನು ನಾನು. ಅಡುಗೆಮನೆಯಲ್ಲಿ ಬರಿಗಾಲು, ಕೆಳಗೆ ಸಿಮೆಂಟಿನ ನೆಲ, ಎದುರು ಬೆಂಕಿ. ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿ ಹೊತ್ತುಕೊಂಡು ನಿಂತ ಕಾಲು, ಒಂದು ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ "ಇನ್ನು ನನ್ನಿಂದ ಆಗ್ಲಿಕ್ಕಿಲ್ಲ" ಅಂತ ಹೇಳಿಬಿಟ್ಟಿತು. ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವ ಸ್ಥಿತಿ.

ನನ್ನ ಹೆಂಡತಿ ಎರಡು ವಾರ ನೋಡಿದಳು, ಮೂರನೆಯ ವಾರ ಖಡಾಖಂಡಿತ ಹೇಳಿದಳು: "ಈ ಸೀಸನ್ ಮುಗಿಯುವುದರೊಳಗೆ ಕಾಲು ಸರಿ ಆಗದಿದ್ರೆ ಸಟ್ಟುಗ ಇಟ್ಟುಬಿಡಿ. ಮದುವೆಮನೆಯಲ್ಲಿ ಕುಸಿದು ಕುದಿಯುವ ಉರುಳಿ ಪಾತ್ರೆಗೆ ಬಿದ್ದರೆ ನಾನೆಂತ ಮಾಡುವುದು?"

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಜಾಸ್ತಿ ಹೆದರಿಕೆ ಆಯಿತು. ಸಟ್ಟುಗ ಇಟ್ಟರೆ ನಾನು ಯಾರು? ಕಂಡವರ ಪಂಕ್ತಿಯಲ್ಲಿ ಕೂತು "ಪಲ್ಯಕ್ಕೆ ಕಾಯಿ ಕಮ್ಮಿ" ಅಂತ ಹೇಳುವ ಮುದುಕ, ಅಷ್ಟೇ.

ಎಕ್ಕದ ಎಲೆ

ನೋವು ಅಂತ ಬಾಯಿ ಬಿಟ್ಟರೆ ನಮ್ಮಲ್ಲಿ ಪ್ರತಿಯೊಬ್ಬನೂ ವೈದ್ಯ. ತರಕಾರಿ ಹೆಚ್ಚುವವನು ಹೇಳಿದ, "ಭಟ್ರೇ, ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತಿ. ಮೂರೇ ದಿನ." ಒಲೆಗಂತೂ ನಮಗೆ ಬರ ಇಲ್ಲವಲ್ಲ! ಒಂದು ಉಪನಯನದ ಮನೆಯಲ್ಲಿ, ಅನ್ನಕ್ಕೆ ನೀರು ಕುದಿಯುವ ಹೊತ್ತಿನಲ್ಲಿ ಇಟ್ಟಿಗೆ ಕಾಯಿಸಿ, ಎಲೆ ಹಾಸಿ, ಉಗ್ರಾಣದ ಮೂಲೆಯಲ್ಲಿ ಕೂತು ಹಿಮ್ಮಡಿ ಇಟ್ಟೆ. ಆಹಾ, ಏನು ಸುಖ! ಕಣ್ಣು ಮುಚ್ಚಿಯೇ ಹೋಯಿತು.

ಆಗ ಆ ಮನೆಯ ಯಜಮಾನ್ತಿ ಮೂಗು ಅರಳಿಸಿಕೊಂಡು ಬಾಗಿಲಿಗೆ ಬಂದರು. ಒಳಗೆ ಕತ್ತಲೆ, ನನ್ನ ಕಾಲು ಅವರಿಗೆ ಕಾಣುವುದಿಲ್ಲ.

"ಭಟ್ರೇ, ಕೆಸುವಿನ ಎಲೆ ಬೇಯುವ ಪರಿಮಳ ಬರ್ತಾ ಉಂಟಲ್ಲ. ಪಟ್ಟಿಯಲ್ಲಿ ಇರಲಿಲ್ಲ, ಪತ್ರೊಡೆಯೂ ಮಾಡಿದ್ರಾ?"

ನಾನು ಎದ್ದು ನಿಲ್ಲುವ ಹಾಗೂ ಇಲ್ಲ, ನಿಜ ಹೇಳುವ ಹಾಗೂ ಇಲ್ಲ. "ಹ್ಞಾಂ... ಸ್ವಲ್ಪ" ಅಂದೆ.

"ಅಯ್ಯೋ, ನಮ್ಮ ಅತ್ತೆಗೆ ಪತ್ರೊಡೆ ಅಂದ್ರೆ ಪ್ರಾಣ. ಮೇಲಿನ, ಚೆನ್ನಾಗಿ ಬೆಂದ ಎಲೆಯದ್ದನ್ನೇ ಅವರಿಗೆ ತೆಗೆದಿಡಿ!"

ಕೊಡೆ

ಬಂಟ್ವಾಳದ ಡಾಕ್ಟ್ರು ಹಿಮ್ಮಡಿ ಒತ್ತಿ ನೋಡಿದರು. ನಾನು ಕಿರುಚಿದ ಮೇಲೆ "ಇಲ್ಲಿಯೇ" ಅಂತ ಸಮಾಧಾನಪಟ್ಟರು. "ಜಾಸ್ತಿ ನಿಲ್ಲಬೇಡಿ" ಅಂದರು.

"ಡಾಕ್ಟ್ರೇ, ಕೂತುಕೊಂಡು ಉಣ್ಣುವುದು ಗೊತ್ತುಂಟು. ಕೂತುಕೊಂಡು ಐನೂರು ಜನರಿಗೆ ಬೇಯಿಸುವುದು ಹೇಗೆ, ಅದನ್ನು ಸ್ವಲ್ಪ ಚೀಟಿಯಲ್ಲಿ ಬರೆದು ಕೊಡಿ."

ಅವರು ನಕ್ಕು ಬೇರೆಯೇ ಬರೆದು ಕೊಟ್ಟರು. ಪಾದದ ಅಳತೆ ತೆಗೆದು, ಪಾದದ ಉಬ್ಬು ತಗ್ಗಿಗೆ ಸರಿಯಾಗಿ ಚಪ್ಪಲಿ ಮಾಡಿಕೊಡುವ ಒಬ್ಬರು ಮೇಡಂ ಮೂಡುಬಿದಿರೆಯಲ್ಲಿ ಇದ್ದಾರೆ, ಅವರ ಹತ್ತಿರ ಹೋಗಿ ಅಂತ.

ಮೇಡಂ ನೆಲದಲ್ಲಿ ಒಂದು ಪೆಟ್ಟಿಗೆ ಇಟ್ಟರು. ಒಳಗೆ ಸ್ಪಂಜಿನ ಹಾಗೆ ಮೆತ್ತಗೆ ಎಂತದೋ. ಮೆಟ್ಟಿದರೆ ಪಾದದ ಅಚ್ಚು ಬೀಳ್ತದೆ. "ಭಟ್ರೇ, ದಿನಾ ಹೇಗೆ ನಿಲ್ತೀರೋ ಹಾಗೆ ನಿಲ್ಲಿ" ಅಂದರು. ನಾನು ನಿಂತೆ.

"ಇದು ಫೋಟೋಕ್ಕೆ ನಿಂತ ಹಾಗಾಯ್ತು. ದಿನಾ ಹೀಗೇ ನಿಲ್ತೀರಾ?"

"ಮೇಡಂ, ಕೈಯಲ್ಲಿ ಸಟ್ಟುಗ ಇಲ್ಲದೆ ನಿಂತು ನನಗೆ ಅಭ್ಯಾಸವೇ ಇಲ್ಲ."

ಅವರು ಬಿಡುವ ಹೆಂಗಸಲ್ಲ. ಮೂಲೆಯಲ್ಲಿದ್ದ ಉದ್ದದ ಕೊಡೆ ತಂದು ಕೈಗೆ ಕೊಟ್ಟರು, ಎದುರಿಗೆ ಒಂದು ಖಾಲಿ ಬಕೆಟ್ ಇಟ್ಟರು. "ಮಗುಚಿ ನೋಡುವ." ನಾನು ಕೊಡೆ ಬಕೆಟಿಗೆ ಇಳಿಸಿ ತಿರುಗಿಸಲಿಕ್ಕೆ ಶುರು ಮಾಡಿದೆ. ಹತ್ತು ಸುತ್ತು ಆಗುವಾಗ ಬಲಗಾಲು ತಾನಾಗಿ ಮುಂದೆ ಹೋಯಿತು, ಸೊಂಟ ಓರೆಯಾಯಿತು, ಇಡೀ ಭಾರ ಎಡದ ಹಿಮ್ಮಡಿಗೆ ಬಿತ್ತು. "ಸಿಕ್ಕಿತು! ನೋವಿನ ಬೇರು ಇಲ್ಲೇ ಉಂಟು!" ಅಂತ ಮೇಡಂ ಚಪ್ಪಾಳೆ ತಟ್ಟಿದರು. ಆ ನಿಲುವಿನಲ್ಲೇ ಪೆಟ್ಟಿಗೆಯಲ್ಲಿ ಎರಡೂ ಕಾಲಿನ ಅಚ್ಚು ಆಯಿತು. ರಸ್ತೆಯಲ್ಲಿ ಹೋಗುವ ಏಳೆಂಟು ಜನ ಬಾಗಿಲಲ್ಲಿ ನಿಂತು ನೋಡ್ತಾ ಇದ್ದರು.

"ಸಾಕು ಭಟ್ರೇ, ನಿಲ್ಲಿಸಿ" ಅಂದರು ಮೇಡಂ.

"ಸ್ವಲ್ಪ ತಾಳಿ ಮೇಡಂ, ಈಗ ಕೈ ಬಿಟ್ಟರೆ ಅಡಿ ಹಿಡೀತದೆ!"

ಗುಣ ಆದವರು

ಚಪ್ಪಲಿ ಬಂತು. ಮೂರು ವಾರ ಕಳೆಯಿತು. ನೋವು ಮಾತ್ರ ಎಲ್ಲಿತ್ತೋ ಅಲ್ಲೇ. ನಾನು ಸಿಟ್ಟಿನಲ್ಲಿ ಬಸ್ಸು ಹತ್ತಿ ಮೂಡುಬಿದಿರೆಗೆ ಹೋಗಿ ಚಪ್ಪಲಿಯನ್ನು ಮೇಡಂ ಎದುರು ಇಟ್ಟೆ. "ನಿಮ್ಮ ಅಳತೆ ಎಂತದೂ ಪ್ರಯೋಜನ ಇಲ್ಲ ಮೇಡಂ."

ಅವರು ಮಗುಚಿ ಹಾಕಿ ನೋಡಿದರು. "ಭಟ್ರೇ, ಅಟ್ಟೆ ಒಂದು ಗೆರೆಯೂ ಸವೆದಿಲ್ಲವಲ್ಲ. ಹಾಕ್ತೀರಾ ಇಲ್ವಾ?"

"ದಿನಾ ಹಾಕ್ತೇನೆ. ಬೈಕಿನಲ್ಲಿ ಮದುವೆಮನೆಗೆ ಹೋಗುವಾಗ ಹಾಕ್ತೇನೆ, ಬರುವಾಗ ಹಾಕ್ತೇನೆ."

"ಅಡುಗೆಮನೆಯಲ್ಲಿ?"

"ಛೆ ಛೆ! ಅಡುಗೆಮನೆಗೆ ಚಪ್ಪಲಿ ಹಾಕಿ ಹೋಗ್ತಾರಾ ಯಾರಾದ್ರೂ?"

"ನಿಮ್ಮ ಮನೆಯೊಳಗೆ?"

"ಅದು ಹೇಗೆ? ಮೆಟ್ಟಿಲಲ್ಲೇ ಬಿಡ್ತೇನೆ."

ಮೇಡಂ ಚಪ್ಪಲಿಯೊಳಗಿಂದ ಎರಡು ಕೂದಲು ಹೆಕ್ಕಿ ಬೆಳಕಿಗೆ ಹಿಡಿದರು. "ಇದೆಂತದು?"

"ಅದು ನಮ್ಮ ಬೆಕ್ಕಿನದ್ದು. ಇಡೀ ದಿನ ಅದರ ಮೇಲೆಯೇ ಮಲಗುವುದು."

"ಬೆಕ್ಕಿಗೆ ಈಗ ಕಾಲುನೋವು ಉಂಟಾ?"

"ಇಲ್ಲ."

"ನೋಡಿ! ನನ್ನ ಚಪ್ಪಲಿ ಹಾಕಿದವರಿಗೆ ಗುಣ ಆಗಿದೆ."

ಬೆಳ್ತಂಗಡಿಯ ಮದುವೆ

ಆ ದಿನ ಮೇಡಂ ನನ್ನನ್ನು ಕೂರಿಸಿ ಬುದ್ಧಿ ಹೇಳಿದರು. ಅದೇ ಅಚ್ಚಿನಲ್ಲಿ ಇನ್ನೊಂದು ಜೊತೆ ಮಾಡಿಕೊಟ್ಟರು. ಪೂರಾ ರಬ್ಬರು, ಚರ್ಮದ ಒಂದು ಚೂರು ಇಲ್ಲ, ಪಾತ್ರೆ ತೊಳೆದ ಹಾಗೆ ತೊಳೆಯಬಹುದು. ಹೊರಗಿನ ಮಣ್ಣಿಗೆ ತಾಗಿಸಲೇ ಬಾರದು, ಒಲೆಯ ಬುಡದಲ್ಲಿ ಮಾತ್ರ ಹಾಕುವುದು. ಬಟ್ಟೆಚೀಲದಲ್ಲಿ ಹಾಕಿ ಸಟ್ಟುಗದ ಒಟ್ಟಿಗೆ ತೆಗೆದುಕೊಂಡು ಹೋಗುವುದು. ಮೊದಲು ಮನೆಯ ಅಡುಗೆಕೋಣೆಯಲ್ಲಿ ಹಾಕಿ ನೋಡಿದೆ. ಹೆಂಡತಿ "ಶಿವ ಶಿವಾ" ಅಂತ ಆ ಕಡೆ ತಿರುಗಿದಳು. ಆದರೆ ಎಂಟು ದಿನ ಕಳೆಯುವಾಗ ನಾನು ಬೆಳಿಗ್ಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋದೆ! ಆ ಸಂತೋಷ ಹೇಗೆ ಹೇಳುವುದು ಮಾರಾಯ್ರೇ, ಬಚ್ಚಲಲ್ಲಿ ಕೆಲಸ ಇಲ್ಲದಿದ್ದರೂ ಇನ್ನೊಮ್ಮೆ ಹೋಗಿ ಬಂದೆ.

ಸೀಸನ್ನಿನ ಕೊನೆಯ ದೊಡ್ಡ ಮದುವೆ ಬೆಳ್ತಂಗಡಿಯಲ್ಲಿ. ಎಂಟುನೂರು ಎಲೆಯ ಊಟ, ಕಾಶಿಹಲ್ವ ಬೇಕೇ ಬೇಕು. ಕಾಶಿಹಲ್ವ ಅಂದರೆ ಬೂದುಗುಂಬಳಕಾಯಿ ತುರಿದು, ಸಕ್ಕರೆ, ತುಪ್ಪ ಹಾಕಿ ಮಗುಚುತ್ತಾ ಇರಬೇಕು. ಒಂದು ನಿಮಿಷ ಕೈ ನಿಂತರೆ ಹಲ್ವ ಹೋಯಿತು, ಮರ್ಯಾದೆಯೂ ಹೋಯಿತು. ನಾನು ಹೊರಡುವಾಗ ಹೆಂಡತಿ ಹೇಳಿದ್ದಳು, "ಇವತ್ತು ಕೊನೆಯ ಪಂಕ್ತಿವರೆಗೆ ನಿಂತರೆ ನಾನು ಇನ್ನು ಬಾಯಿ ಬಿಡುವುದಿಲ್ಲ. ಕೂತರೆ ಸಟ್ಟುಗ ಅಟ್ಟಕ್ಕೆ."

ಹಲ್ವ ಹದಕ್ಕೆ ಬರಲಿಕ್ಕೆ ಇನ್ನು ಅರ್ಧ ಗಂಟೆ ಇರುವಾಗ ಮದುಮಗಳ ಅಜ್ಜ ಅಡುಗೆಮನೆಗೆ ಬಂದರು. ಎಂಬತ್ತು ದಾಟಿದ್ದರೂ ನೆಟ್ಟಗಿನ ಜನ, ಆಚಾರದಲ್ಲಿ ಇನ್ನೂ ನೆಟ್ಟಗೆ. ಅವರ ಕಣ್ಣು ಹಲ್ವ ನೋಡಲೇ ಇಲ್ಲ, ನೇರ ನನ್ನ ಕಾಲಿಗೆ ಹೋಯಿತು.

"ಎಂತ ಭಟ್ರೇ ಅದು ಕಾಲಲ್ಲಿ?"

"ರಬ್ಬರಿನದ್ದು ಅಜ್ಜ. ಚರ್ಮ ಇಲ್ಲ. ಹೊರಗೆ ಒಂದು ಹೆಜ್ಜೆ ಇಟ್ಟದ್ದಿಲ್ಲ. ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸಿದ್ದು."

"ಚಪ್ಪಲಿ ಅಂದ್ರೆ ಚಪ್ಪಲಿ! ನಮ್ಮ ಮನೆತನದ ಅಡುಗೆಮನೆಯಲ್ಲಿ ಇದುವರೆಗೆ ಯಾರೂ ಹಾಕಿದ್ದಿಲ್ಲ. ಒಂದೋ ಅದನ್ನು ತೆಗೀರಿ, ಇಲ್ಲ ಸಟ್ಟುಗ ಇಡಿ."

ಸಟ್ಟುಗ ಇಡಿ! ಮನೆಯಲ್ಲೂ ಅದೇ, ಇಲ್ಲೂ ಅದೇ. ನನ್ನ ತಲೆ ಉರುಳಿಗಿಂತ ಜಾಸ್ತಿ ಕಾದಿತು. ಚಪ್ಪಲಿ ಅಲ್ಲೇ ಕಳಚಿದೆ, ಸಟ್ಟುಗ ಅಜ್ಜನ ಕೈಗೆ ಕೊಟ್ಟೆ.

"ತೆಗೆದೆ. ಬರಿಗಾಲಲ್ಲಿ ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ ಅಜ್ಜ. ನೀವು ಮಗುಚಿ. ಕೈ ಮಾತ್ರ ನಿಲ್ಲಿಸಬೇಡಿ, ಮೊಮ್ಮಗಳ ಮದುವೆಯ ಹಲ್ವ."

ಅಜ್ಜನಿಗೂ ಛಲ ಬಂತು. "ಮಗುಚುವುದು ಎಂತ ಮಹಾ ವಿದ್ಯೆ?" ಅಂತ ಶಲ್ಯ ಸೊಂಟಕ್ಕೆ ಬಿಗಿದು ಶುರು ಮಾಡಿಯೇಬಿಟ್ಟರು. ನಾನು ಕುರ್ಚಿಗೆ ಕೈ ಹಾಕಿದೆ, ಹೆಂಡತಿಯ ಮಾತು ನೆನಪಾಗಿ ಕಂಬಕ್ಕೆ ಒರಗಿದೆ.

ಐದು ನಿಮಿಷ ಅಜ್ಜ ಸಿಂಹದ ಹಾಗೆ ಮಗುಚಿದರು. ಹತ್ತನೆಯ ನಿಮಿಷಕ್ಕೆ ನೆಲದ ಬಿಸಿಗೆ ಒಂದು ಕಾಲು ಎತ್ತಿದರು. ಆಮೇಲೆ ಇನ್ನೊಂದು ಕಾಲು. ಸುತ್ತ ನೋಡಿದರು. ತೆಂಗಿನಕಾಯಿ ತುರಿಯುವವನು ತುರಿಯುವುದರಲ್ಲೇ ಮುಳುಗಿದ್ದ, ನಾನು ತಲೆ ಎತ್ತಿ ಮಾಡಿನ ಹೆಂಚು ನೋಡ್ತಾ ಇದ್ದೆ. ಓರೆಗಣ್ಣಿನಲ್ಲಿ ಕಂಡಿತು: ಅಜ್ಜನ ಬಲಗಾಲು ಮೆಲ್ಲ ಮೆಲ್ಲ ಹೋಗಿ ನನ್ನ ಚಪ್ಪಲಿ ಹುಡುಕಿತು. ಹೆಬ್ಬೆರಳು ಒಳಗೆ. ಪಾದ ಒಳಗೆ. ಆಮೇಲೆ ಎಡಗಾಲು. ಅಜ್ಜನ ಮುಖ ಸಡಿಲವಾಯಿತು, ಸಟ್ಟುಗ ಮತ್ತೆ ಜೋರಾಗಿ ತಿರುಗಿತು.

ಅಷ್ಟರಲ್ಲಿ ಮದುಮಗಳ ಅಪ್ಪ, ಅಂದರೆ ಅಜ್ಜನ ಮಗ, ಓಡಿ ಬಂದರು. ಬಾಗಿಲಲ್ಲೇ ನಿಂತರು. "ಅಪ್ಪಾ! ಅಡುಗೆಮನೆಯಲ್ಲಿ ಚಪ್ಪಲಿ?"

ಅಜ್ಜ ತಿರುಗಿಯೂ ನೋಡಲಿಲ್ಲ. "ಯಾರೋ ಹೇಳಿದ್ದು ಚಪ್ಪಲಿ ಅಂತ? ಹೊರಗೆ ಹೋದರೆ ಚಪ್ಪಲಿ. ಒಲೆಯ ಎದುರೇ ಇದ್ದರೆ ಅದು ಮಣೆ."

"ಮಣೆಯಲ್ಲಿ ಕೂರುವುದಲ್ವಾ ಅಪ್ಪ?"

"ಕೂರುವವನಿಗೆ ಕೂರುವ ಮಣೆ, ನಿಲ್ಲುವವನಿಗೆ ನಿಲ್ಲುವ ಮಣೆ. ನಿನಗೆಂತ ಗೊತ್ತು? ಹೋಗು, ಎಲೆ ಹಾಕಿಸು!"

ಮಗ ಹೋದ ಮೇಲೆ ಅಜ್ಜ ಸಟ್ಟುಗ ನನಗೆ ಕೊಟ್ಟರು, ಚಪ್ಪಲಿಯನ್ನೂ ಕಳಚಿ ಕೊಟ್ಟರು. ನಾನು ಹಾಕಿಕೊಂಡೆ. ಹಲ್ವ ಅಡಿ ಹಿಡಿದಿರಲಿಲ್ಲ, ಹದ ಅಂದರೆ ಹದ! ಎಂಟುನೂರು ಎಲೆಯೂ ಎದ್ದಿತು, ಕೊನೆಯ ಪಂಕ್ತಿಗೆ ಪಾಯಸ ಹೋಗುವವರೆಗೂ ನಾನು ನಿಂತಿದ್ದೆ. ಹೆಂಡತಿಗೆ ಫೋನು ಮಾಡಿ "ನಿಂತೆ!" ಅಂದೆ. ಆ ಕಡೆಯಿಂದ ಒಂದು ಮಾತೂ ಬರಲಿಲ್ಲ. ಗೆದ್ದೆ ಅಂತ ಗೊತ್ತಾಯಿತು.

ಪಾತ್ರೆ ಕಟ್ಟುವಾಗ ಅಜ್ಜ ಇನ್ನೊಮ್ಮೆ ಬಂದರು. ಆಚೆ ಈಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ಮೆಲ್ಲ ಕೇಳಿದರು:

"ಭಟ್ರೇ, ಜಗಲಿಗೆ ಒಂದು, ಊಟದ ಕೋಣೆಗೆ ಒಂದು, ದೇವರ ಕೋಣೆಗೆ ಒಂದು. ಮೂರು ಜೊತೆ ಮಣೆಗೆ ಅಳತೆ ಕೊಡ್ಲಿಕ್ಕೆ ಎಲ್ಲಿಗೆ ಹೋಗಬೇಕು?"