ಜರ್ಮನಿಯ ಅಳಿಯ, ಗಬ್ಬೂರಿನ ಬಟಾಟಿ

ಅಳಿಯ ಕುಡಿದು ಬಂದರೆ ಪಾದ್ರಿಗಳಿಗೆ ಹೇಳಬಹುದು, ಕೂಗಾಡಿದರೆ ಹಿರಿಯರನ್ನು ಕರೆಸಬಹುದು. ನಿಟ್ಟುಸಿರು ಬಿಟ್ಟರೆ ಯಾರಿಗೆ ಹೇಳುವುದು? ನಮ್ಮ ಡೆನ್ನಿಸ್ ದಿನಾ ಸಂಜೆ ಕಾರ್ಖಾನೆಯಿಂದ ಬಂದವನೇ ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಗೋಕುಲ ರಸ್ತೆಯ ಕಡೆಯಿಂದ ಮೇಲೇಳುವ ವಿಮಾನ ನೋಡಿ ಉದ್ದಕ್ಕೆ ಒಂದು ನಿಟ್ಟುಸಿರು ಬಿಡುತ್ತಿದ್ದ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ನಿಟ್ಟುಸಿರು ಬಿಡುವ ಹಕ್ಕು ನನ್ನೊಬ್ಬಳದಾಗಿತ್ತು. ಅದಕ್ಕೂ ಪಾಲುದಾರ ಬಂದ!

ಡೆನ್ನಿಸ್ ಅಂದಕೂಡಲೇ ನಮ್ಮ ಚರ್ಚಿನ ಹುಡುಗ ಅಂದುಕೊಳ್ಳಬೇಡಿ. (ನಮ್ಮಲ್ಲಿ ಬೆಂಚಿಗೊಬ್ಬ ಡೆನ್ನಿಸ್ ಇದ್ದಾನೆ.) ಈತ ಅಸಲು ಜರ್ಮನಿಯವನು. ಪಂಪು ಮಾಡುವ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದವನು, ದುರ್ಗದಬೈಲಿಗೆ ಹೋಗಿ ಆಸೆಬುರುಕನ ಹಾಗೆ ಮಿರ್ಚಿ ಭಜಿ ತಿಂದು, ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದ. ಅಲ್ಲಿ ಸಲಾಯಿನ್ ಹಚ್ಚಿದ ನರ್ಸಬಾಯಿ ನನ್ನ ಮಗಳು ಶ್ಯಾರನ್. ಹೊಟ್ಟೆಯ ಬ್ಯಾನಿ ಎದೆಗೆ ಏರಿತು. ಮದುವೆಯಾಗಿ ಇಬ್ಬರೂ ಗಬ್ಬೂರಿನ ನನ್ನ ಮನೆಯಲ್ಲೇ ಇದ್ದಾರೆ. ಕಾರ್ಖಾನೆಯ ಮಂದಿಯಿಂದ ಕನ್ನಡ ಕಲಿತಿದ್ದಾನೆ. ಎಲ್ಲದಕ್ಕೂ ‘ರಿ’ ಹಚ್ಚುತ್ತಾನೆ. ನಮ್ಮ ಬೆಕ್ಕಿಗೂ “ಸರೀರಿ, ಸರೀರಿ” ಅನ್ನುತ್ತಾನೆ. (ನಿಮ್ಮ ಮುಂದೆ ಏಕವಚನದಲ್ಲಿ ಬರೆಯುತ್ತಿದ್ದೇನೆ ನಿಜ. ಅವನ ಎದುರಿಗೆ ನಾನು ‘ಅಳಿಯಾರ’ ಅನ್ನದೆ ಬಾಯಿ ತೆರೆದವಳಲ್ಲ, ಅವನು ಬಂದರೆ ಕುರ್ಚಿಯಿಂದ ಏಳದೆ ಇದ್ದವಳಲ್ಲ.)

ನಿಟ್ಟುಸಿರಿನ ಸುದ್ದಿಯನ್ನು ಮಗಳ ಮುಂದೆ ಎತ್ತಿದೆ.

“ಅವಗ ಊರು ನೆನಪಾಗಾಕತ್ತೈತಿ ಅವ್ವಾ,” ಅಂದಳು. “ಜೂನದಾಗ ಕರಾರು ಮುಗೀತೈತಿ. ಇಲ್ಲೆ ಮನಸ್ಸು ಹತ್ತಿದ್ರ ಇರೂದು, ಇಲ್ಲಂದ್ರ ಜರ್ಮನಿಗೆ ಹೋಗೂದು.”

“ನೀನೂ ಹೋಗ್ತೀಯೇನ?”

“ಮತ್ತ ಗಂಡನ್ನ ಪಾರ್ಸಲ್ ಮಾಡಿ ಕಳಸ್ಲೇನು?”

ನನಗಿರುವುದು ಒಬ್ಬಳೇ ಮಗಳು. ಆಗಲೇ ಹೊಳೆಯಿತು ನೋಡಿ ಉಪಾಯ: ಅಳಿಯ ಜರ್ಮನಿಗೆ ಹೋಗಬಾರದೆಂದರೆ ಜರ್ಮನಿಯೇ ಗಬ್ಬೂರಿಗೆ ಬರಬೇಕು!

“ಅವರ ಮನ್ಯಾಗ ಏನ ಉಣ್ತಾರ?” ಅಂತ ಕೇಳಿದೆ.

“ಬ್ರೆಡ್ಡು, ಕುದಿಸಿದ ಬಟಾಟಿ, ಹುಳಿ ಬರಿಸಿದ ಕ್ಯಾಬೀಜು,” ಎಂದು ಹೇಳಿ ಶ್ಯಾರನ್ ಸಂಜೆ ಪಾಳಿಗೆ ಓಡಿದಳು. ಅವಳ ಊಟ ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ರಾತ್ರಿ ಊಟಕ್ಕೆ ಮನೆಯಲ್ಲಿ ನಾನು, ಅಳಿಯ ಇಬ್ಬರೇ.

ಜರ್ಮನಿ ಸ್ಥಾಪನೆಯ ಮಹಾಕಾರ್ಯ ಆರಂಭವಾಯಿತು. ಕ್ಯಾಬೀಜು ಹೆಚ್ಚಿ, ಉಪ್ಪು ತಿಕ್ಕಿ, ಉಪ್ಪಿನಕಾಯಿಯ ಭರಣಿಯಲ್ಲಿ ತುಂಬಿಟ್ಟೆ. ಅದು ಹುಳಿ ಬಂದ ವಾಸನೆಗೆ, ಮನೆ ಪ್ರಾರ್ಥನೆಗೆಂದು ಬಂದ ಪಾದ್ರಿಗಳು ‘ಆಮೆನ್’ನಿಂದಲೇ ಸುರುಮಾಡಿ ಹೊರಟುಹೋದರು. ದಿನಾ ಬಟಾಟಿ ಕುದಿಸಿದೆ. ಖಾರ ಬಂದ್, ಒಗ್ಗರಣೆ ಬಂದ್. ಅಳಿಯ ಒಬ್ಬನೇ ಉಂಡರೆ ಪರಕೀಯನೆಂಬ ಭಾವ ಬಂದೀತೆಂದು ನಾನೂ ಕುರ್ಚಿಯ ಮೇಲೆ ಕುಳಿತು ಮುಳ್ಳುಚಮಚ ಹಿಡಿದೆ. ಮೊದಲನೆಯ ದಿನ ಚುಚ್ಚಿದ ಬಟಾಟಿ ಜಿಗಿದು ಕಪಾಟಿನ ಕೆಳಗೆ ಹೋಗಿ ಕುಳಿತಿತು. ಕಸಬರಿಗೆಯಿಂದ ಎಳೆಯಬೇಕಾಯಿತು.

“ಹೆಂಗ ಐತ್ರಿ ಅಳಿಯಾರ?”

“ಛಲೋ ಐತ್ರಿ ಅತ್ತೀರಿ. ನಿಮಗರಿ?”

“ಅಯ್ಯ, ಭಾಳ ರುಚಿ!” ಎಂದು ನಾನು ಇನ್ನೊಂದು ಬಟಾಟಿ ಹಾಕಿಕೊಂಡೆ. ನನ್ನನ್ನು ನೋಡಿ ಅವನೂ ಹಾಕಿಕೊಂಡ. ಗೆದ್ದೆ ಅಂದುಕೊಂಡೆ.

ಅವರ ಊರಲ್ಲಿ ರವಿವಾರ ಯಾರೂ ಸಪ್ಪಳ ಮಾಡುವುದಿಲ್ಲವಂತೆ. ಅದನ್ನೂ ತಂದೆ. ಕುಕ್ಕರ್ ಇಡಲಿಲ್ಲ, ಮಿಕ್ಸರ್ ಮುಟ್ಟಲಿಲ್ಲ. ಹಿತ್ತಲ ಗೋಡೆಯಾಚೆಗಿನ ಹುಲಿಗೆವ್ವ ಜೋಳದ ರೊಟ್ಟಿ ಮಾಡಿ ಮಾರುವವಳು, ಮುಂಜಾನೆಯಿಂದ ಪಟಪಟ ಬಡಿಯುತ್ತಲೇ ಇರುತ್ತಾಳೆ. “ರವಿವಾರ ಒಂದಿನ ಸಾವಕಾಶ ಬಡಿಯವಾ,” ಅಂದೆ.

“ಬಡಿಯೂದ ಬಿಟ್ಟು ಹಿಟ್ಟಿಗೆ ತಟ್ಟಿ ಮಲಗಸ್ಲೇನ ಮಾರ್ಥಕ್ಕಾ?” ಅಂದಳು.

ನಿಟ್ಟುಸಿರು ಮಾತ್ರ ಕಡಿಮೆಯಾಗಲಿಲ್ಲ. ನಾನು ಬಟಾಟಿ ಹೆಚ್ಚಿಸಿದೆ. ಅಷ್ಟರಲ್ಲಿ ನನಗೇ ಊರು ನೆನಪಾಗತೊಡಗಿತು. ಹುಟ್ಟಿ ಬೆಳೆದ ಊರಿನಲ್ಲಿ, ಸ್ವಂತ ಮನೆಯಲ್ಲಿ ಕುಳಿತು ಪರದೇಶಿಯಾದೆ! ಕನಸಿನಲ್ಲಿ ಝುಣಕ ಬರುತ್ತಿತ್ತು, ತಿನ್ನುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಕೊನೆಗೆ ತಡೆಯದೆ, ಸಂಜೆಯಾದರೆ ಕೊತ್ತಂಬರಿ ಕೇಳುವ ನೆಪದಲ್ಲಿ ಹುಲಿಗೆವ್ವನ ಅಡುಗೆಮನೆ ಹೊಗಲು ಸುರುಮಾಡಿದೆ. ಒಲೆಯ ಮುಂದೆ ನೆಲಕ್ಕೆ ಕುಳಿತು, ಬಿಸಿ ರೊಟ್ಟಿಗೆ ಕೆಂಪು ಮೆಣಸಿನಕಾಯಿ ಚಟ್ನಿ ಹಚ್ಚಿ ಬಾಯಿಗಿಟ್ಟರೆ, ಅಬ್ಬಬ್ಬಾ! ಆಮೇಲೆ ಮನೆಗೆ ಬಂದು ಆ ತುಂಬಿದ ಹೊಟ್ಟೆಯ ಮೇಲೆಯೇ ಎರಡು ಬಟಾಟಿ ಹೇರುವುದು. ಮಗಳ ಸಲುವಾಗಿ ತಾಯಂದಿರು ಏನೇನು ಸಹಿಸುತ್ತಾರೋ!

ಹುಲಿಗೆವ್ವ ದಿನಾ ಅವಸರ ಮಾಡುತ್ತಿದ್ದಳು. “ಲಗೂ ತಿನ್ನ ಮಾರ್ಥಕ್ಕಾ, ಗಿರಾಕಿ ಬರೂ ಹೊತ್ತಾತು.” ಒಂದು ಸಂಜೆ ಎಣಗಾಯಿ ಪಲ್ಯವೂ ಇತ್ತು. ಏಳಲು ಮನಸ್ಸಾಗಲಿಲ್ಲ. ಪಡಸಾಲೆಯಲ್ಲಿ ಯಾರೋ ಬಂದು ಕುಳಿತ ಸಪ್ಪಳವಾಯಿತು.

“ಹುಲಿಗೆವ್ವಕ್ಕಾರ, ಎರಡ ರೊಟ್ಟಿ ಹಾಕ್ರಿ. ಖಾರ ಜಾಸ್ತಿ ಇರ್ಲಿರಿ.”

ಆ ‘ರಿ’ ನನಗೆ ಗೊತ್ತಿಲ್ಲವೇ! ಬಾಗಿಲ ಸಂದಿಯಿಂದ ನೋಡಿದೆ. ನಮ್ಮ ಅಳಿಯ ಚಕ್ಕಳಮಕ್ಕಳ ಹಾಕಿ ಕುಳಿತು, ಹಸಿ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುತ್ತಿದ್ದ.

“ಇಷ್ಟ ತಿಂದು ಮನ್ಯಾಗ ಮತ್ತ ಹೆಂಗ ಉಣ್ತೀಯೋ ಎಪ್ಪಾ?” ಅಂದಳು ಹುಲಿಗೆವ್ವ, ನನ್ನ ಕಡೆ ಓರೆಗಣ್ಣು ಬಿಟ್ಟು.

“ಏನ ಮಾಡೂದ್ರಿ? ನಮ್ಮ ಅತ್ತಿಯವರಿಗೆ ಬಟಾಟಿ ಅಂದ್ರ ಜೀವ. ದಿನಾ ಎರಡ ಸರ್ತಿ ಹಾಕ್ಕೋತಾರ. ನಾ ಬ್ಯಾಡ ಅಂದ್ರ ಪಾಪ, ಒಬ್ಬರ ಕೂತು ಉಣಬೇಕ್ರಿ. ನಾ ಆ ಕ್ಯಾಬೀಜಿಗೆ ಅಂಜಿ ಊರು ಬಿಟ್ಟು ಬಂದಾವ್ರಿ. ಅದು ಬೆನ್ನ ಹತ್ತಿ ಗಬ್ಬೂರಿಗೆ ಬಂತ್ರಿ!”

ಚಟ್ನಿ ನನ್ನ ನೆತ್ತಿಗೇರಿತು. ಕೆಮ್ಮಿದ ಹೊಡೆತಕ್ಕೆ ಗಂಗಾಳ ಉರುಳಿ ಪಡಸಾಲೆಯವರೆಗೆ ಹೋಯಿತು, ಅದರ ಹಿಂದೆ ನಾನು.

“ಅತ್ತೀರಿ! ನೀವೂ?”

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. “ಅಳಿಯಾರ, ಮತ್ತ ಊರು ನೆನಪಾಗ್ತೈತಿ ಅಂತ ಶ್ಯಾರನ್ ಹೇಳಿದ್ಲಲ್ರಿ...”

“ಆಗ್ತೈತ್ರಿ. ಬಟಾಟಿ ಅಲ್ರಿ, ನಮ್ಮವ್ವ ನೆನಪಾಗ್ತಾಳ. ಆಕಿ ನನ್ನ ದಿನಾ ಬೈತಿದ್ಲರಿ. ನೀವು ಬೈಯೂದ ಇಲ್ಲ. ಅಳಿಯಾರ ಬರ್ರಿ, ಅಳಿಯಾರ ಕೂಡ್ರಿ. ಸ್ಟೇಶನ್ನದಾಗ ಕುಂತಂಗ ಆಗ್ತೈತ್ರಿ.”

ಹುಲಿಗೆವ್ವ ಹಣೆ ಬಡಿದುಕೊಂಡಳು. “ಮಾರ್ಥಕ್ಕ ಬೈಯಂಗಿಲ್ಲಂತ! ಎಪ್ಪಾ, ಆಕಿ ಗಂಡ ಇದ್ದಾಗ ನೀ ಇಲ್ಲೆ ಇರಬೇಕಿತ್ತು!”

ಅಳಿಯನಿಗೆ ಏಕವಚನ ಹಚ್ಚುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಆದರೆ ಜರ್ಮನಿಗೆ ಹೊರಟುನಿಂತ ಮಗಳು ಕಣ್ಣ ಮುಂದೆ ಬಂದಳು. ಸೆರಗು ಸಿಗಿಸಿದೆ. “ಏ ಡೆನ್ನಿಸ್ಯಾ! ಮಂದೀ ಮನ್ಯಾಗ ಕದ್ದು ತಿಂತೀ, ನಾಚಿಕಿ ಬರಂಗಿಲ್ಲೇನ ನಿನಗ?”

ಅವನ ಮುಖ ಅರಳಿತು. “ನೀವೂ ಕದ್ದ ತಿನ್ನಾಕತ್ತಿದ್ರಿ!” ಎಂದು ತಿರುಗಿಸಿಯೇ ಹೊಡೆದ.

ಮುಂದಿನದು ಯಾಕೆ ಕೇಳುತ್ತೀರಿ? ಕರಾರು ಮೂರು ವರ್ಷಕ್ಕೆ ಬೆಳೆಯಿತು, ಅಳಿಯನ ಬಾಯಿ ಅದಕ್ಕಿಂತ ಉದ್ದ ಬೆಳೆಯಿತು. ದಿನಾ ಎರಡು ಹೊತ್ತು ಜಗಳ. ಮೊನ್ನೆ ಮಗಳಿಗೆ ರಜೆಯೆಂದು ನಾನೇ ಹುರುಪಿನಿಂದ ರೊಟ್ಟಿ ಬಡಿದೆ. (ಇಷ್ಟು ವರ್ಷ ಹುಲಿಗೆವ್ವನ ಹತ್ತಿರ ಕೊಂಡು ತಿಂದ ಕೈ ನನ್ನದು.) ಅಳಿಯ ರೊಟ್ಟಿಯನ್ನು ಬೆಳಕಿಗೆ ಹಿಡಿದು, ತೂತಿನೊಳಗಿಂದ ನನ್ನನ್ನು ನೋಡಿದ.

“ಅತ್ತೀರಿ, ಸಿಟ್ಟ ಆಗಬ್ಯಾಡ್ರಿ. ನೀವು ಬಟಾಟಿನ ಕುದಸ್ರಿ. ಅದ ನಿಮಗ ಛಲೋ ಬರ್ತೈತಿ.”

“ಮತ್ತ ನೀ ಏನ ತಿಂತೀಯೋ?”

“ನಾ ಹುಲಿಗೆವ್ವಕ್ಕಾರ ಮನಿಗೆ ಹೊಕ್ಕೇನ್ರಿ.”

ಸರಿಯಾಗಿ ನಾಲ್ಕು ಮಾತು ಝಾಡಿಸಬೇಕೆಂದು ಸೌಟು ಹಿಡಿದು ಹೊರಗೆ ಬಂದರೆ, ಅಳಿಯ ಆಗಲೇ ಹಿತ್ತಲ ಬಾಗಿಲು ದಾಟಿದ್ದ. ಅವನ ಹಿಂದೆ, ತನ್ನ ತಾಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನ್ನ ಒಬ್ಬಳೇ ಮಗಳೂ ಹೊರಟಿದ್ದಳು.