ಕ್ರಿಸ್‌ಮಸ್ ಅಜ್ಜನ ಇಳಕಲ್ ಅಂಗಿ

ಹುನಗುಂದದ ಡ್ರಾಯಿಂಗ್ ಮಾಸ್ತರ ಅಂದಾನಪ್ಪನವರಿಗೆ ವರ್ಷವೆಂಬುದು ಮುಗಿಯುತ್ತಲೇ ಇರಲಿಲ್ಲ. ಹೊಸ ವರ್ಷಕ್ಕೆ ಇಳಕಲ್ ಸೀರೆ ಕೊಡಿಸುತ್ತೇನೆಂದು ಹೆಂಡತಿ ಗುರುಲಿಂಗವ್ವನಿಗೆ ಮಾತು ಕೊಟ್ಟು ನಾಲ್ಕು ವರ್ಷವಾಗಿತ್ತು. ದೀಪಾವಳಿ ಪಾಡ್ಯಕ್ಕೆ ಕೇಳಿದರೆ, "ಅದು ಅಂಗಡಿಕಾರರ ಹೊಸ ವರ್ಷ, ನಮ್ಮದು ಯುಗಾದಿ" ಎನ್ನುವರು. ಯುಗಾದಿಗೆ ಕೇಳಿದರೆ, "ಸರಕಾರಿ ನೌಕರಗ ಜನವರಿನ ಹೊಸ ವರ್ಷ" ಎನ್ನುವರು. ಜನವರಿ ಬಂದರೆ ಮತ್ತೆ ಯುಗಾದಿಯತ್ತ ಕೈ ತೋರಿಸುವರು.

ಎಪ್ಪತ್ತೊಂಬತ್ತರ ಡಿಸೆಂಬರ್ ಮೂವತ್ತೊಂದಕ್ಕೆ ಹೊಸ ಹೆಡ್ಮಾಸ್ತರರು ಶಾಲೆಯಲ್ಲಿ 'ದೇಶ ದೇಶಗಳ ವರ್ಷದ ಕೊನೆ' ಎಂಬ ಕಾರ್ಯಕ್ರಮ ಇಟ್ಟರು. ಗಣಿತದ ಖಾದರಬಾಷಾ ಮಾಸ್ತರರು ಮೊಹರಂನಿಂದ ಶುರುವಾಗುವ ತಮ್ಮ ವರ್ಷದ ಬಗ್ಗೆ ಭಾಷಣ ಮಾಡುವುದು, ಜಪಾನಿನವರಂತೆ ಸಿಪಾಯಿ ಈರಪ್ಪ ಶಾಲೆಯ ಗಂಟೆಯನ್ನು ನೂರೆಂಟು ಸಲ ಬಾರಿಸುವುದು, ಹೊಟ್ಟೆ ಮುಂದಿರುವ ಅಂದಾನಪ್ಪನವರು ಕ್ರಿಸ್‌ಮಸ್ ಅಜ್ಜನಾಗಿ ಪೆಪ್ಪರಮೆಂಟು ಹಂಚುವುದು ಎಂದು ಠರಾವಾಯಿತು.

ಕೆಂಪು ನಿಲುವಂಗಿ ಎಲ್ಲಿಂದ ತರುವುದು? ಗುರುಲಿಂಗವ್ವ ತವರುಮನೆ ಬೇವೂರಿಗೆ ಹೋಗಿದ್ದಳು, ಬರುವುದು ನಾಳೆ. ಟ್ರಂಕಿನಲ್ಲಿ ಅವಳ ಮದುವೆಯ ಕೆಂಪು ಇಳಕಲ್ ಸೀರೆ ಇತ್ತು. ಮಾಸ್ತರರು ಅದನ್ನೇ ಸುತ್ತಿಕೊಂಡು ಪಿನ್ನು ಚುಚ್ಚಿಕೊಂಡರು. ಖಾದರಬಾಷಾ ಬಂದು ಹತ್ತಿಯ ಗಡ್ಡ ಅಂಟಿಸಿ, "ಅಂಟು ಆರೂತನಕ ಬಾಯಿ ತಗೀಬ್ಯಾಡ್ರಿ ಮತ್ತ, ಗಡ್ಡ ಕೈಗೆ ಬರ್ತೈತಿ" ಎಂದು ಹೇಳಿ ಶಾಲೆಗೆ ಓಡಿದರು. ಸೀರೆಗೆ ಒಂದು ಹನಿ ಕಲೆಯಾದರೂ ತಮ್ಮ ಕತೆ ಮುಗಿಯಿತೆಂದುಕೊಂಡು ಅಂದಾನಪ್ಪನವರು ಪೆಪ್ಪರಮೆಂಟಿನ ಚೀಲ ಹೆಗಲಿಗೇರಿಸಿದರು.

ಓಣಿಯ ತಿರುವಿನಲ್ಲಿ ಮುದುಕಿ ಬೋರವ್ವ ಜೋಳ ಹಸನು ಮಾಡುತ್ತಿದ್ದಳು. ಕೆಂಪು ನಿಲುವಂಗಿ, ಬಿಳಿ ಗಡ್ಡ, ಹೆಗಲಿಗೆ ಜೋಳಿಗೆ!

"ಯವ್ವಾ, ಯಾವದೋ ಮಠದ ಅಜ್ಜಾರು ಬಂದಾರ, ಬರ್ರೇ!" ಎಂದು ಕೂಗಿ, ಮೊರದ ಜೋಳವನ್ನೆಲ್ಲ ಪೆಪ್ಪರಮೆಂಟಿನ ಮೇಲೆ ಸುರಿದಳು. ಮಾಸ್ತರರು ಬೇಡ ಬೇಡವೆಂದು ಕೈ ಆಡಿಸಿದರು. ಜನ ಅದನ್ನು ಆಶೀರ್ವಾದವೆಂದು ತಿಳಿದರು.

"ಅಜ್ಜಾರು ಯಾಕ ಮಾತಾಡವಲ್ರು?"

"ಮೌನ ಹಿಡದಾರ ಲೇ, ತಿಳಿಯೂದಿಲ್ಲೇನು?" ಎಂದ ಪಕ್ಕದ ಮನೆಯ ಹನಮಂತಪ್ಪ.

ಕಟ್ಟೆಗೆ ಕಂಬಳಿ ಹಾಸಿ ಕೂರಿಸಿದರು. ಪಾದ ತೊಳೆದರು, ನೀರೆಲ್ಲ ಸೀರೆಯ ಅಂಚಿಗೆ ಹೋಯಿತು. ಹೋದ ವಾರ ಬೋರ್ಡು ಬರೆಯುವಾಗ ಕಾಲಿನ ಹೆಬ್ಬೆರಳ ಉಗುರಿನ ಮೇಲೆ ಚೆಲ್ಲಿಕೊಂಡ ಹಸಿರು ಪೇಂಟು ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. "ತಪಸ್ಸಿನ ಗುರುತು" ಎಂದು ಹನಮಂತಪ್ಪ ಅದಕ್ಕೂ ಕೈ ಮುಗಿದ. ಯಾರೋ ಕೊಟ್ಟ ಹಾಲು ಗಡ್ಡ ದಾಟಲಾರದೆ ಮಡಿಲಿಗಿಳಿಯಿತು. ದೂರದಲ್ಲಿ ಈರಪ್ಪನ ಗಂಟೆ ಶುರುವಾಯಿತು. ಅಂದಾನಪ್ಪನವರಿಗೆ ಅಳುವೇ ಬಂತು.

"ಎಂಥಾ ಕರುಣಾ ನೋಡ್ರಿ!" ಎಂದರು ಜನ.

ಅಷ್ಟರಲ್ಲಿ, ಒಂದು ದಿನ ಮೊದಲೇ ಬಸ್ಸಿಳಿದ ಗುರುಲಿಂಗವ್ವ ಗುಂಪು ಸೀಳಿಕೊಂಡು ಬಂದು ಅಜ್ಜಾರ ಪಾದಕ್ಕೆ ಹಣೆ ಹಚ್ಚಿದಳು. ಏಳಲು ಯಾಕೋ ತಡಮಾಡಿದಳು.

"ಅಜ್ಜಾರ, ನಮ್ಮನಿಯವರು ವರ್ಷಕ್ಕ ಮೂರು ಹೊಸ ವರ್ಷ ಮಾಡ್ತಾರ್ರಿ, ಒಂದಕ್ಕೂ ಸೀರಿ ಬರವಲ್ದು. ನೀವು ಹೂಂ ಅಂದ್ರ ಅವರು ಮೀರೂದಿಲ್ರಿ. ನಾಳೆನ ಕೊಡಸ್ತಾರೋ ಇಲ್ಲೋ?"

ಅಜ್ಜಾರು ಹೂಂ ಎಂಬಂತೆ ತಲೆಯಾಡಿಸಿದರು.

"ಎಷ್ಟು ಸೀರಿ ಅಜ್ಜಾರ?"

ಮಾಸ್ತರರು ಒಂದು ಬೆರಳೆತ್ತಿದರು. ಅವಳು ಕಣ್ಣು ಬಿಟ್ಟ ರೀತಿಗೆ ಎರಡನೆಯದೂ ತಾನಾಗಿ ಎದ್ದಿತು.

"ಎರಡು! ನೋಡಿದ್ರೆಲ್ಲ ಎಲ್ಲಾರೂ?"

"ನಾ ಸಾಕ್ಷಿ, ತಂಗೀ," ಎಂದ ಹನಮಂತಪ್ಪ. "ಮಾಸ್ತರು ತಪ್ಪಿದ್ರ ನಾ ಕೇಳ್ತೇನಿ."

ಗುರುಲಿಂಗವ್ವ ಮತ್ತೊಮ್ಮೆ ನಮಸ್ಕರಿಸುವ ನೆಪದಲ್ಲಿ ಬಾಗಿ ಪಿಸುಗುಟ್ಟಿದಳು: "ಒಂದು ಹೊಸ ವರ್ಷದ್ದು, ಇನ್ನೊಂದು ನೀವು ಹಾಳ ಮಾಡಿದ ಈ ಮದವಿ ಸೀರಿದು. ಆ ಹಸರ ಉಗುರ ಮುಚಗೊಂಡಾರ ಬರಬಾರದಾಗಿತ್ತೇನ್ರಿ?"

ಶಾಲೆಯ ಕಡೆ ಈರಪ್ಪನ ಗಂಟೆ ನೂರೆಂಟು ಬಾರಿಸಿ ನಿಂತಿತು. ಅಂದಾನಪ್ಪನವರ ವರ್ಷ ಕೊನೆಗೂ ಮುಗಿಯಿತು.