ಮೃಗತೃಷ್ಣಾ ಸರೋವರ

ಮಧ್ಯಾಹ್ನ ಒಂದೂವರೆಗೆ ಪ್ರವಾಸ ಕಚೇರಿಯ ಭಂಡಾರಿ ಸಾಹೇಬರು ನನ್ನ ಒಂಟೆಯ ಮೇಲಿಂದ ಒಂದು ಕೆರೆಯನ್ನು ಕಂಡುಹಿಡಿದರು.

‘ಒಂದು ದಿನದಲ್ಲಿ ಮರುಭೂಮಿಯ ಏಳು ನೋಟ’ ಎಂಬ ಯೋಜನೆಗಾಗಿ ಅವರು ಬಂದಿದ್ದರು. ಬೆಳಿಗ್ಗೆಯಿಂದ ಆರು ಸಿಕ್ಕಿದ್ದವು. ಆರನೆಯದು ನನ್ನ ಒಂಟೆ. ಏಳಾಗದಿದ್ದರೆ ಯೋಜನೆ ರದ್ದು.

“ಬಾಸಾ, ಅದೇನ್ರೀ ಅಷ್ಟೊಂದು ನೀರು?”

“ನೀರಲ್ಲ ಹುಕುಂ. ಮೃಗತೃಷ್ಣೆ.”

“ಹೆಸರು ಚೆನ್ನಾಗಿದೆ,” ಎಂದು ಬರೆದುಕೊಂಡರು.

“ಹುಕುಂ, ಬಿಸಿಲ್ಗುದುರೆ ಅದು. ಹತ್ರ ಹೋದ್ರೆ ಇರಲ್ಲ.”

“ಹತ್ರ ಯಾಕ್ರೀ ಹೋಗ್ಬೇಕು? ನೋಟ ಅಂದ್ರೆ ದೂರದಿಂದ ನೋಡೋದು.”

ನಾನು ತಲೆಯಾಡಿಸಿದೆ. ಒಂಟೆಯೂ.

ಹದಿನೈದು ದಿನಕ್ಕೆ ಡಾಂಬರು ರಸ್ತೆಯ ಪಕ್ಕ ಫಲಕ ಎದ್ದಿತು. ‘ಮೃಗತೃಷ್ಣಾ ಸರೋವರ. ಆಳವಿದೆ. ಈಜುವುದನ್ನು ನಿಷೇಧಿಸಿದೆ. ನಡೆದು ಹತ್ತಿರ ಹೋಗುವುದು ಶಿಕ್ಷಾರ್ಹ.’

ಅಂದೇ ನಮ್ಮ ಢಾಣಿಗೆ ನೀರಿನ ಟ್ಯಾಂಕರ್ ಬರುವುದು ನಿಂತಿತು. ಢಾಣಿ ಎಂದರೆ ಹದಿನಾಲ್ಕು ಗುಡಿಸಲು, ಒಂದು ನೆಲತೊಟ್ಟಿ. ವಾರಕ್ಕೊಮ್ಮೆ ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಕಾಗದದಲ್ಲಿ ಕಾರಣ ಕೊಟ್ಟಿದ್ದರು: ‘ಸರೋವರದ ದಡದಲ್ಲಿರುವ ಜನವಸತಿಗೆ ನೀರಿನ ಕೊರತೆ ಇರತಕ್ಕದ್ದಲ್ಲ.’

ಒಂಬತ್ತನೆಯ ದಿನ ತೊಟ್ಟಿಯ ತಳ ಕಂಡಿತು. ಹೆಂಡತಿ ಧಾಪು ಖಾಲಿ ಕೊಡವನ್ನು ನನ್ನ ಮುಂದೆ ಕುಕ್ಕಿದಳು.

“ಕೆರೆ ತೋರಿಸಿದ ದೊಡ್ಡ ಮನುಷ್ಯ ನೀವೇ ಅಲ್ವಾ? ಹೋಗಿ ತುಂಬ್ಕೊಂಡು ಬನ್ನಿ.”

ಕೊಡ ಹಿಡಿದುಕೊಂಡು ಕಚೇರಿಗೆ ಹೋದೆ.

“ಹುಕುಂ, ಕೆರೇಲಿ ನೀರಿಲ್ಲ.”

ಭಂಡಾರಿ ಸಾಹೇಬರು ಎದ್ದುನಿಂತರು. “ನೀರಿಲ್ವಾ? ಶುಕ್ರವಾರ ಮಂತ್ರಿಗಳು ಉದ್ಘಾಟನೆಗೆ ಬರ್ತಿದಾರೆ ಕಣ್ರೀ!”

ಸಂಜೆಯೊಳಗೆ ಆದೇಶವಾಯಿತು. ಸರೋವರದ ನೀರಿನ ಮಟ್ಟ ಕಾಯ್ದುಕೊಳ್ಳಲು ದಿನಕ್ಕೆ ಮೂರು ಟ್ಯಾಂಕರ್ ಸುರಿಯತಕ್ಕದ್ದು.

ಮರುದಿನ ಮಧ್ಯಾಹ್ನ ಚಾಲಕ ಸತ್ತಾರ್ ಫಲಕದ ಹತ್ತಿರ ನನ್ನನ್ನು ಹಿಡಿದ.

“ಕಾಕಾ, ಎಲ್ಲಿ ಸುರೀಲಿ? ಆಗಿಂದ ಅಟ್ಟಿಸ್ಕೊಂಡು ಹೋಗ್ತಿದೀನಿ, ದರಿದ್ರದ್ದು ಹಿಂದಕ್ಕೆ ಸರೀತಾನೇ ಇದೆ!”

“ಇಲ್ಲಿ ನಿಂತು ನೋಡು,” ಅಂದೆ.

ನೋಡಿದ. ನಮ್ಮ ಹದಿನಾಲ್ಕು ಗುಡಿಸಲೂ ನಡುನೀರಿನಲ್ಲಿದ್ದವು. ಕೊಡ ಹೊತ್ತ ಧಾಪು ಸೊಂಟದವರೆಗೆ ಕಾಣುತ್ತಿದ್ದಳು.

“ಅಯ್ಯೋ ಕಾಕಾ, ಕಾಕಿ ಮುಳುಗ್ತಿದಾರೆ!”

“ಅವಳು ಮುಳುಗೋಳಲ್ಲ. ಅಲ್ಲಿಗೇ ಹೋಗಿ ಸುರಿ.”

ತೊಟ್ಟಿಗೆ ಸುರಿದ. ‘ಸರೋವರದ ಮಧ್ಯಭಾಗದಲ್ಲಿ’ ಎಂದು ಬರೆದು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ.

ಶುಕ್ರವಾರ ಮಂತ್ರಿಗಳು ಫಲಕದ ಬಳಿ ನಿಂತು ಚಪ್ಪಾಳೆ ತಟ್ಟಿದರು. “ಆ ಮನೆಗಳು?” ಎಂದು ಕೇಳಿದರು.

“ದ್ವೀಪ, ಸರ್,” ಎಂದರು ಭಂಡಾರಿ ಸಾಹೇಬರು. “ಎಂಟನೇ ನೋಟ.”

ದ್ವೀಪಕ್ಕೆ ದೋಣಿಯಿಲ್ಲದೆ ಜನರನ್ನು ಬಿಡುವಂತಿಲ್ಲ. ಅಲ್ಲಿಗೆ ಸವಾರರನ್ನು ಹೊತ್ತು ಹೋಗಿಬರುವುದು ನನ್ನ ಒಂಟೆ ಮಾತ್ರ. ಅದನ್ನು ದೋಣಿಯೆಂದು ನೋಂದಾಯಿಸಿ, ತೊಡೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದರು. ತಳ ಸೋರುವುದಿಲ್ಲ ಎಂದು ಪ್ರಮಾಣಪತ್ರವೂ ಬಂತು. ಪ್ರಮಾಣಪತ್ರವನ್ನು ಒಂಟೆ ತಿಂದಿತು, ನಕಲು ಕಚೇರಿಯಲ್ಲಿದೆ.

ಈಗ ದಿನಕ್ಕೆ ಮೂರು ಟ್ಯಾಂಕರ್ ತಪ್ಪದೆ ಬರುತ್ತವೆ. ತೊಟ್ಟಿ ತುಂಬಿದೆ. ಒಂಟೆ ಹತ್ತುವವರಿಗೆ ಲೈಫ್ ಜಾಕೆಟ್ ಕಡ್ಡಾಯ. ಹೋದ ತಿಂಗಳು ಧಾಪು ಅದನ್ನು ಹಾಕಿಕೊಂಡೇ ತವರಿಗೆ ಹೋಗಿಬಂದಳು.